ಎರಡು ಲೈನ್ ಹಾಕಿಸಿದೆವು, ವೇಗ ಮಾತ್ರ ಕೂಡಲಿಲ್ಲ!

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಎರಡು ಕಂಪನಿಯ ಇಂಟರ್‌ನೆಟ್ ತೆಗೆದುಕೊಂಡು ಎರಡನ್ನೂ ಸೇರಿಸಿ ಓಡಿಸುವುದು ಹೇಗೆ? ಒಂದೇ ತರಹದ ಪತ್ರಗಳನ್ನು ಒಂದಾಗಿಸಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ರೈಸ್‌ಮಿಲ್. ಆಫೀಸಿಗೆ 100 ಎಂಬಿಪಿಎಸ್ ಫೈಬರ್ ಇತ್ತು. ಸಾಲದು ಅಂತ 5ಜಿ ಡಬ್ಬಿಯನ್ನೂ ಹಾಕಿಸಿ, ಎರಡು ವ್ಯಾನ್ (ಹೊರಗಿನ ಇಂಟರ್‌ನೆಟ್ ಲೈನ್ ಚುಚ್ಚುವ ಕಿಂಡಿ) ಇರುವ ರೂಟರ್ ತಂದು ಎರಡನ್ನೂ ಅದಕ್ಕೆ ಚುಚ್ಚಿದೆವು. ಸ್ಪೀಡ್ ಟೆಸ್ಟ್ 180 ತೋರಿಸುತ್ತದೆ. ಆದರೆ ಒಂದು ದೊಡ್ಡ ಫೈಲ್ ಇಳಿಸಿಕೊಳ್ಳಲು ಹೋದರೆ ಸೆಕೆಂಡಿಗೆ 11–12 ಎಂಬಿ ದಾಟುವುದೇ ಇಲ್ಲ. ರೂಟರ್ ಮಾರಿದವರು ಟೋಪಿ ಹಾಕಿದರೇ?
– ಗಂಗಾವತಿ

ಉತ್ತರ: ಟೋಪಿ ಅಲ್ಲ, ಡಬ್ಬದ ಮೇಲೆ ಬರೆದಿದ್ದನ್ನು ಅರ್ಧ ಮಾತ್ರ ವಿವರಿಸಿದ್ದಾರೆ. ಮೊದಲು ಲೆಕ್ಕ ನೋಡಿ. ಡೌನ್‌ಲೋಡ್ ಪರದೆಯ 12 ಎಂಬಿ ಎಂದರೆ ಬೈಟು. ಪ್ಲಾನಿನ 100 ಎಂದರೆ ಬಿಟ್ಟು. 8 ಬಿಟ್ಟಿಗೆ 1 ಬೈಟು. 12ನ್ನು 8ರಿಂದ ಗುಣಿಸಿದರೆ 96. ಅಂದರೆ ನಿಮ್ಮ ಒಂದು ಲೈನ್ ಪೂರ್ತಿ ತುಂಬಿ ಹರಿಯುತ್ತಿದೆ. ಇನ್ನೊಂದು ಆ ಹೊತ್ತಿಗೆ ಸುಮ್ಮನೆ ಕೂತಿದೆ.

ಇಂಥ ರೂಟರ್ ಮಾಡುವುದು ಹಂಚುವ ಕೆಲಸ. ಮಿಲ್ಲಿನಿಂದ ಎರಡು ಲಾರಿ ಹೊರಡುತ್ತವೆ ಅಂದುಕೊಳ್ಳಿ. ಒಂದು ಪಾರ್ಟಿಯ ಲೋಡು ಈ ಲಾರಿಗೆ, ಇನ್ನೊಂದು ಪಾರ್ಟಿಯದು ಆ ಲಾರಿಗೆ. ಇದೇ ಲೋಡ್ ಬ್ಯಾಲೆನ್ಸಿಂಗ್. ಒಂದೇ ಪಾರ್ಟಿಯ ಸಾವಿರ ಚೀಲವನ್ನು ಎರಡೂ ಲಾರಿಗೆ ಒಡೆದು ಹಾಕಬೇಕೆಂದರೆ, ಇಳಿಸಿಕೊಳ್ಳುವ ಕಡೆ ಒಬ್ಬ ಗುಮಾಸ್ತ ನಿಂತು ಚೀಲದ ನಂಬರ್ ನೋಡಿ ಸಾಲಾಗಿ ಮತ್ತೆ ಒಂದೇ ಲಾಟ್ ಮಾಡಬೇಕು. ನೀವು ಫೈಲ್ ಇಳಿಸಿಕೊಳ್ಳುವ ಸರ್ವರ್‌ನ ಬಳಿ ನಿಮ್ಮ ಗುಮಾಸ್ತ ಇಲ್ಲ. ಅದು ಸಂಪರ್ಕವನ್ನು ಗುರುತಿಸುವುದು ನಾಲ್ಕು ಅಂಕಿಗಳಿಂದ: ನಿಮ್ಮ ಐಪಿ (ಇಂಟರ್‌ನೆಟ್‌ನಲ್ಲಿ ನಿಮ್ಮ ವಿಳಾಸ), ನಿಮ್ಮ ಪೋರ್ಟ್ (ಆ ವಿಳಾಸದಲ್ಲಿನ ಬಾಗಿಲ ಸಂಖ್ಯೆ), ಅದರ ಐಪಿ, ಅದರ ಪೋರ್ಟ್. ಫೈಬರ್‌ನ ಐಪಿ ಬೇರೆ, 5ಜಿಯ ಐಪಿ ಬೇರೆ. ಅರ್ಧದಷ್ಟು ಪ್ಯಾಕೆಟ್‌ಗಳು (ಡೇಟಾದ ಸಣ್ಣ ತುಂಡುಗಳು) ಬೇರೆ ಐಪಿಯಿಂದ ಬಂದರೆ ಅವು ಯಾರವೋ ಎಂದು ಅದು ಬಿಸಾಡುತ್ತದೆ. ಹಾಗಾಗಿಯೇ ರೂಟರ್ ಒಂದು ಸಂಪರ್ಕವನ್ನು ಕೊನೆಯವರೆಗೂ ಒಂದೇ ಲೈನಿನಲ್ಲಿ ಇಡುತ್ತದೆ.

ಸ್ಪೀಡ್ ಟೆಸ್ಟ್ 180 ತೋರಿಸಿದ್ದೂ ಸುಳ್ಳಲ್ಲ. ಅದು ಒಮ್ಮೆಗೇ ಹಲವು ಸಂಪರ್ಕ ತೆರೆಯುತ್ತದೆ. ಕೆಲವು ಇಲ್ಲಿ, ಕೆಲವು ಅಲ್ಲಿ ಹೋಗಿ ಮೊತ್ತ ಕೂಡುತ್ತದೆ. ಊಕ್ಲಾದ ಸ್ಪೀಡ್ ಟೆಸ್ಟ್ ಪುಟದಲ್ಲಿ ‘ಮಲ್ಟಿ’ ಬದಲು ‘ಸಿಂಗಲ್’ ಒತ್ತಿ ನೋಡಿ, 90ರ ಆಸುಪಾಸಿಗೆ ಇಳಿಯುತ್ತದೆ.

ಇದೇ ತಂತ್ರ ನಿಮಗೂ ಒದಗುತ್ತದೆ. ಏರಿಯಾ2, ಫ್ರೀ ಡೌನ್‌ಲೋಡ್ ಮ್ಯಾನೇಜರ್‌ನಂಥವು ಒಂದು ಫೈಲನ್ನು ತುಂಡು ಮಾಡಿ ಇಳಿಸುತ್ತವೆ. 8 ತುಂಡು ಇಟ್ಟರೆ ಎರಡೂ ಲೈನ್ ದುಡಿಯುತ್ತವೆ. ಸರ್ವರ್ ತುಂಡು ಕೊಡಲು ಒಪ್ಪಬೇಕು, ಅಷ್ಟೆ. ಒಂದು ತಡೆ ಇದೆ: ಟಿಪಿ-ಲಿಂಕ್ ಇಆರ್605 ತರಹದ ರೂಟರ್‌ನಲ್ಲಿ ‘ಅಪ್ಲಿಕೇಶನ್ ಆಪ್ಟಿಮೈಸ್ಡ್ ರೂಟಿಂಗ್’ ಎಂಬ ಟಿಕ್ ಇದ್ದರೆ, ಒಂದು ಕಂಪ್ಯೂಟರ್‌ನಿಂದ ಒಂದೇ ಸರ್ವರ್‌ಗೆ ಹೋಗುವುದೆಲ್ಲ ಒಂದೇ ಲೈನ್ ಹಿಡಿಯುತ್ತದೆ. ಆಗ ಎಂಟಲ್ಲ, ಎಂಬತ್ತು ತುಂಡು ಮಾಡಿದರೂ ಅಷ್ಟೇ. ಟಿಕ್ ತೆಗೆಯುವ ಮುಂಚೆ ಮುಂದಿನ ಪ್ರಶ್ನೆ ಓದಿ, ಅದನ್ನು ಅಲ್ಲಿಟ್ಟಿರುವುದಕ್ಕೂ ಕಾರಣ ಇದೆ.

ಇನ್ನೊಂದು ಮಾತು. ವ್ಯಾನ್ ಪುಟದಲ್ಲಿ ಪ್ರತಿ ಲೈನಿನ ಅಪ್, ಡೌನ್ ವೇಗ ತುಂಬಲು ಜಾಗವಿದೆ. ಅಳತೆ ಕೆಬಿಪಿಎಸ್‌ನಲ್ಲಿ, 100 ಎಂಬಿಪಿಎಸ್ ಎಂದರೆ 100000 ಎಂದು ಬರೆಯಬೇಕು. ತುಂಬದೆ ಬಿಟ್ಟರೆ ರೂಟರ್ ಎರಡನ್ನೂ ಸಮ ಎಂದುಕೊಂಡು, ಸಂಜೆ ಹೊತ್ತು 30ಕ್ಕೆ ಇಳಿದ 5ಜಿಯ ಮೇಲೂ ಅರ್ಧ ಭಾರ ಹೇರುತ್ತದೆ. 5ಜಿಗೆ ಬರೆಯಬೇಕಾದ್ದು ಪ್ಲಾನಿನ ಅಂಕಿಯಲ್ಲ; ರಾತ್ರಿ 8ರಿಂದ 10ರ ನಡುವೆ ಮೂರು ದಿನ ಅಳೆದು ಸಿಕ್ಕ ಕಡಿಮೆ ಅಂಕಿ.

ಪ್ರಶ್ನೆ: ಜೀನ್ಸ್ ಹೊಲಿಯುವ ಘಟಕ ನಮ್ಮದು. ಎರಡು ಲೈನ್ ಜೋಡಿಸಿದ ದಿನದಿಂದ ಬ್ಯಾಂಕಿನ ಪುಟ ತೆರೆದರೆ ಪಾಸ್‌ವರ್ಡ್ ತಗೊಳ್ಳುತ್ತೆ, ಒಟಿಪಿ ಹಾಕುವಷ್ಟರಲ್ಲಿ ‘ಸೆಷನ್ ಮುಗಿದಿದೆ’ ಅಂತ ಹೊರಗೆ ಹಾಕುತ್ತೆ. ಒಂದು ಲೈನ್ ಕಿತ್ತರೆ ಎಲ್ಲಾ ಸರಿ. ಏನು ಮಾಡೋದು?
– ಬಳ್ಳಾರಿ

ಉತ್ತರ: ಲಾಗಿನ್ ಹೋಗಿದ್ದು ಫೈಬರ್‌ನಲ್ಲಿ, ಮುಂದಿನ ಕ್ಲಿಕ್ ಹೋಗಿದ್ದು 5ಜಿಯಲ್ಲಿ. ಒಂದೇ ಗ್ರಾಹಕ ಅರ್ಧ ನಿಮಿಷದಲ್ಲಿ ಎರಡು ಐಪಿಯಿಂದ ಬಂದರೆ ಬ್ಯಾಂಕಿನ ಸರ್ವರ್ ಕಳ್ಳ ಎಂದು ಬಗೆದು ಬಾಗಿಲು ಹಾಕುತ್ತದೆ. ಅದು ಮಾಡುತ್ತಿರುವುದು ಸರಿಯೇ.

ಮೊದಲ ಮದ್ದು ಮೇಲೆ ಹೇಳಿದ ಟಿಕ್. ಇಆರ್605ರಲ್ಲಿ ಟ್ರಾನ್ಸ್‌ಮಿಷನ್, ಅದರೊಳಗೆ ಲೋಡ್ ಬ್ಯಾಲೆನ್ಸಿಂಗ್ ಪುಟದಲ್ಲಿ ಅದು ಇರುತ್ತದೆ. ಹೆಚ್ಚಿನ ಸಲ ಇಷ್ಟರಲ್ಲೇ ಗುಣವಾಗುತ್ತದೆ. ಆಗದಿದ್ದರೆ, ಲಾಗಿನ್ ಪುಟ ಒಂದು ಸರ್ವರ್‌ನಲ್ಲಿ, ಹಣ ಪಾವತಿ ಪುಟ ಇನ್ನೊಂದರಲ್ಲಿ ಇದೆ ಎಂದರ್ಥ. ಸರ್ವರ್ ಬದಲಾದಾಗ ರೂಟರ್ ಹೊಸದಾಗಿ ಲೈನ್ ಆರಿಸುತ್ತದೆ, ಮತ್ತೆ ಅದೇ ತೊಂದರೆ.

ಆಗ ಲೆಕ್ಕ ಬರೆಯುವವರ ಕಂಪ್ಯೂಟರನ್ನೇ ಒಂದು ಲೈನಿಗೆ ಕಟ್ಟಿಹಾಕಿ. ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ಐಪಿ ಹಂಚುವ ವ್ಯವಸ್ಥೆ) ಪುಟದ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಆ ಕಂಪ್ಯೂಟರ್‌ಗೆ ಖಾಯಂ ಐಪಿ ಕೊಡಿ, ಉದಾಹರಣೆಗೆ 192.168.0.50. ‘ಪ್ರಿಫರೆನ್ಸಸ್’ನಲ್ಲಿ ಆ ಐಪಿಯ ಒಂದು ಗುಂಪು ಮಾಡಿ. ಕೊನೆಗೆ ರೂಟಿಂಗ್ ಕೆಳಗಿನ ‘ಪಾಲಿಸಿ ರೂಟಿಂಗ್’ನಲ್ಲಿ ಆ ಗುಂಪನ್ನು ಮೂಲವಾಗಿಟ್ಟು, ಗುರಿ ಯಾವುದಾದರೂ ಸರಿ ಎಂದು ಬಿಟ್ಟು, ಫೈಬರ್‌ನ ವ್ಯಾನ್ ಆರಿಸಿ. ‘ಮೋಡ್’ ಕೇಳಿದಾಗ ‘ಓನ್ಲಿ’ ಬೇಡ, ‘ಪ್ರಯಾರಿಟಿ’ ಇಡಿ. ಫೈಬರ್ ಕಡಿದ ದಿನ 5ಜಿಗೆ ತಾನೇ ಹೊರಳುತ್ತದೆ; ‘ಓನ್ಲಿ’ ಇಟ್ಟರೆ ಎರಡನೇ ಲೈನ್ ಇದ್ದೂ ಲೆಕ್ಕದವರು ಕೈಕಟ್ಟಿ ಕೂರಬೇಕು.

ಸರ್ವಿಸ್ ಆರಿಸುವಲ್ಲಿ ಬಹಳ ಜನ ಎಚ್‌ಟಿಟಿಪಿಎಸ್ ಎಂದಷ್ಟೇ ಆರಿಸಿ ಎಡವುತ್ತಾರೆ. ಅದು ಟಿಸಿಪಿ ಎಂಬ ಸಾಗಣೆ ವಿಧಾನದ 443ನೇ ಪೋರ್ಟ್ ಮಾತ್ರ. ಇಂದಿನ ಬ್ರೌಸರ್‌ಗಳು ಕ್ವಿಕ್ ಎಂಬ ಹೊಸ ವಿಧಾನದಲ್ಲಿ ಯುಡಿಪಿ ಎಂಬ ಇನ್ನೊಂದು ಬಗೆಯ 443ರಲ್ಲೂ ಮಾತಾಡುತ್ತವೆ, ಅದು ನಿಮ್ಮ ನಿಯಮದಿಂದ ಜಾರಿಹೋಗುತ್ತದೆ. ‘ಆಲ್’ ಎಂದು ಇಟ್ಟುಬಿಡಿ.

ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗೆ ಹಾಕುವ ಮುಕ್ತ ತಂತ್ರಾಂಶ) ಹಾಕಿದ ರೂಟರ್ ಇದ್ದವರಿಗೆ ಎಂವ್ಯಾನ್3 ಎಂಬ ಪ್ಯಾಕೇಜ್ ಇದೆ. ಅದರ ನಿಯಮದಲ್ಲಿ ‘ಸ್ಟಿಕಿ’ ಆನ್ ಮಾಡಿದರೆ ಒಂದು ಕಂಪ್ಯೂಟರ್ ಹಿಡಿದ ಲೈನನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಅವಧಿ 600 ಸೆಕೆಂಡು ಇರುತ್ತದೆ. ಬ್ಯಾಂಕ್ ಕೆಲಸಕ್ಕೆ 1800 ಮಾಡಿ. ಎರಡು ವ್ಯಾನ್‌ಗಳ ‘ಮೆಟ್ರಿಕ್’ (ಯಾವ ದಾರಿ ಮೊದಲು ಎಂದು ಹೇಳುವ) ಅಂಕಿ ಬೇರೆ ಬೇರೆ ಇರಲೇಬೇಕು, 10 ಮತ್ತು 20 ಎಂಬಂತೆ. ಇದನ್ನು ಮರೆತು ‘ಎಂವ್ಯಾನ್3 ಕೆಲಸ ಮಾಡಲ್ಲ’ ಎನ್ನುವವರೇ ಹೆಚ್ಚು. ಐಪಿವಿ6 (ಐಪಿ ವಿಳಾಸದ ಹೊಸ ಮಾದರಿ; ಹಳೆಯದು ಐಪಿವಿ4) ಮೇಲೂ ಒಂದು ಕಣ್ಣಿರಲಿ. ನೀವು ಬರೆದ ನಿಯಮಗಳೆಲ್ಲ ಐಪಿವಿ4ಕ್ಕೆ ಮಾತ್ರ ಇದ್ದು, 5ಜಿ ಕಡೆಯಿಂದ ಐಪಿವಿ6 ಒಳಗೆ ಬರುತ್ತಿದ್ದರೆ ಕಂಪ್ಯೂಟರ್ ಮೊದಲು ಅದನ್ನೇ ಹಿಡಿಯುತ್ತದೆ. ನಿಯಮ ನಿಯಮದ ಪಾಡಿಗೆ, ದಟ್ಟಣೆ ಅದರ ಪಾಡಿಗೆ.

ಪ್ರಶ್ನೆ: ಎರಡೂ ಮೋಡೆಮ್ ಬೇರೆ ಬೇರೆ ಹಚ್ಚಿದ್ರ ನೆಟ್ ಬರ್ತದ. ಎರಡು ವ್ಯಾನ್ ರೂಟರ್‌ಗೆ ಹಚ್ಚಿದ್ರ ಒಂದs ಮೇಲೇಳ್ತದ, ಇನ್ನೊಂದು ಏಳವಲ್ದು. ಕೇಬಲ್ ಬದಲು ಮಾಡಿ ನೋಡಿದ್ವಿ. ರೂಟರ್ ಕೆಟ್ಟೈತೇನ್ರಿ?
– ಸಿಂಧನೂರು

ಉತ್ತರ: ಕೆಟ್ಟಿಲ್ಲ. ಎರಡೂ ಮೋಡೆಮ್‌ಗಳ ವಿಳಾಸ 192.168.1.1 ಆಗಿರುವ ಸಾಧ್ಯತೆ ಹೆಚ್ಚು. ಒಂದೇ ಓಣಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಇದ್ದಂತೆ; ರೂಟರ್‌ಗೆ ಯಾವ ಕಡೆ ಹೋಗಬೇಕೆಂದು ತಿಳಿಯುವುದಿಲ್ಲ. ಒಂದೊಂದೇ ಮೋಡೆಮ್‌ಗೆ ಲ್ಯಾಪ್‌ಟಾಪ್ ಚುಚ್ಚಿ, ಲ್ಯಾನ್ (ಒಳಗಿನ ಜಾಲ) ಪುಟದಲ್ಲಿ ಫೈಬರ್‌ನದನ್ನು 192.168.11.1, 5ಜಿಯದನ್ನು 192.168.12.1, ರೂಟರ್‌ನ ಸ್ವಂತ ಲ್ಯಾನನ್ನು 192.168.10.1 ಎಂದು ಬದಲಿಸಿ. ಮೂರನೆಯದನ್ನು ಮರೆಯಬೇಡಿ, ಎರಡು ಮೋಡೆಮ್ ಸರಿಮಾಡಿ ರೂಟರ್‌ನಲ್ಲೇ ಅದೇ ಸರಣಿ ಬಿಟ್ಟವರೂ ಇದ್ದಾರೆ.

ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ಡಬ್ಬಿ ತಾನು ರೂಟರ್ ಆಗದೆ ಬರೀ ದಾಟಿಸುವ ವಿಧಾನ) ಹಾಕಿಸಿ, ಪಿಪಿಪಿಒಇ (ಯೂಸರ್‌ನೇಮ್ ಕೊಟ್ಟು ಕಂಪನಿಯ ಲೈನಿಗೆ ಸೇರುವ ವಿಧಾನ) ಲಾಗಿನ್ ರೂಟರ್‌ನಲ್ಲೇ ಕೊಡುವುದು ಇನ್ನೂ ಚೊಕ್ಕ. ಅದಕ್ಕೆ ಲೈನ್ ಎಳೆದ ಕೇಬಲ್‌ನವರಿಂದ ಯೂಸರ್‌ನೇಮ್, ಪಾಸ್‌ವರ್ಡ್ ಜೊತೆಗೆ ವಿಲ್ಯಾನ್ ನಂಬರನ್ನೂ (ಕಂಪನಿ ತನ್ನ ಜಾಲದಲ್ಲಿ ಲೈನಿಗೆ ಹಚ್ಚುವ ಗುರುತು) ಕೇಳಿ ಬರೆದಿಟ್ಟುಕೊಳ್ಳಿ. ಆ ನಂಬರ್ ಇಲ್ಲದೆ ಪಾಸ್‌ವರ್ಡ್ ಸರಿಯಿದ್ದರೂ ಲೈನ್ ಏಳುವುದಿಲ್ಲ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1492 ಇರಲಿ. 1500 ಬಿಟ್ಟರೆ ಕೆಲವು ಪುಟಗಳು ಅರ್ಧ ತೆರೆದು ನಿಂತುಬಿಡುತ್ತವೆ.

ಪ್ರಶ್ನೆ: ಹಾಸ್ಟೆಲ್ ವೈಫೈ ನಿಧಾನ. ಮೊಬೈಲನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಹಾಕಿ ಎರಡನ್ನೂ ಆನ್ ಇಟ್ಟರೂ ವಿಂಡೋಸ್ ಒಂದನ್ನೇ ಬಳಸುತ್ತದೆ. ಮೆಟ್ರಿಕ್ ಸಮ ಮಾಡಿದರೆ ಕೂಡುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?
– ಕೊಪ್ಪಳ

ಉತ್ತರ: ಇಲ್ಲ. ಮೆಟ್ರಿಕ್ ಎಂದರೆ ಯಾವ ದಾರಿಗೆ ಮೊದಲ ಮಣೆ ಎಂಬ ಸಂಖ್ಯೆ, ಸಣ್ಣದಿದ್ದದ್ದು ಗೆಲ್ಲುತ್ತದೆ. ಸಮ ಮಾಡಿದರೆ ಕೂಡುವುದಿಲ್ಲ, ಗೊಂದಲ ಮಾತ್ರ ಹೆಚ್ಚುತ್ತದೆ. ಅದರ ಒಳ್ಳೆಯ ಬಳಕೆ ಬೇರೆ: ಎನ್‌ಸಿಪಿಎ.ಸಿಪಿಎಲ್ ತೆರೆದು, ಆ ಅಡಾಪ್ಟರ್‌ನ ಪ್ರಾಪರ್ಟೀಸ್, ಐಪಿವಿ4, ಅಡ್ವಾನ್ಸ್‌ಡ್ ಎಂದು ಹೋಗಿ ‘ಆಟೋಮ್ಯಾಟಿಕ್ ಮೆಟ್ರಿಕ್’ ಟಿಕ್ ತೆಗೆದು, ಮೊಬೈಲಿಗೆ 10, ವೈಫೈಗೆ 50 ಕೊಡಿ. ಪರೀಕ್ಷೆ ಹೊತ್ತಿಗೆ ಮೊಬೈಲ್ ಮೊದಲು, ಅದು ಕೈಕೊಟ್ಟರೆ ವೈಫೈ.

ನಿಜವಾಗಿ ಕೂಡಬೇಕೆಂದರೆ ಸ್ಪೀಡಿಫೈನಂಥ ಆ್ಯಪ್ ಬೇಕು. ಅದು ನಿಮ್ಮ ಪ್ಯಾಕೆಟ್‌ಗಳನ್ನು ಎರಡೂ ದಾರಿಯಲ್ಲಿ ತನ್ನ ಸರ್ವರ್‌ಗೆ ಕಳಿಸಿ, ಅಲ್ಲಿ ಜೋಡಿಸಿ ಮುಂದೆ ಬಿಡುತ್ತದೆ. ನಾವು ಹೇಳಿದ ಗುಮಾಸ್ತನನ್ನು ಬಾಡಿಗೆಗೆ ತಂದಂತೆ. ಅದಕ್ಕೂ ಮುಂಚೆ ಒಂದು ಪರೀಕ್ಷೆ: ಮೊಬೈಲ್‌ನ ವೈಫೈ ಆಫ್ ಇದೆಯೇ ನೋಡಿ. ಮೊಬೈಲ್ ಕೂಡ ಅದೇ ಹಾಸ್ಟೆಲ್ ವೈಫೈಯಲ್ಲಿದ್ದರೆ ಯುಎಸ್‌ಬಿ ಮೂಲಕ ಬರುವುದೂ ಅದೇ ನೀರೇ.

ಪ್ರಶ್ನೆ: ಫೋಟೋ ಸ್ಟುಡಿಯೋ ಇದೆ. ಒಂದು ಮದುವೆಯ ವಿಡಿಯೋ 60 ಜಿಬಿ ಆಗುತ್ತದೆ, ಎಡಿಟಿಂಗ್‌ಗೆ ಕ್ಲೌಡ್‌ಗೆ ಏರಿಸಬೇಕು. ಫೈಬರ್ ಅಪ್‌ಲೋಡ್ 40, 5ಜಿ ಅಪ್‌ಲೋಡ್ 20. ಜೊತೆಗೆ ಕಲ್ಯಾಣ ಮಂಟಪದಿಂದ ಲೈವ್ ಕೊಡುವಾಗ ನಡುವೆ ನಿಂತುಹೋಗುತ್ತದೆ. ಓಪನ್‌ಎಂಪಿಟಿಸಿಪಿರೂಟರ್ (ಹಲವು ಲೈನ್ ಕೂಡಿಸುವ ತಂತ್ರಾಂಶ) ಹಾಕಿದರೆ ಎರಡೂ ಪರಿಹಾರವಾಗುತ್ತವೆಯೇ?
– ರಾಯಚೂರು

ಉತ್ತರ: ಇವು ಎರಡು ಬೇರೆ ರೋಗಗಳು. ಮೊದಲನೆಯದಕ್ಕೆ ಅಷ್ಟು ದೊಡ್ಡ ಆಪರೇಷನ್ ಬೇಡ. 60 ಜಿಬಿ ಎಂದರೆ 4,80,000 ಮೆಗಾಬಿಟ್. 40ರಲ್ಲಿ 12,000 ಸೆಕೆಂಡು, ಅಂದರೆ 3 ಗಂಟೆ 20 ನಿಮಿಷ. ಎರಡೂ ಲೈನ್ ಸೇರಿ 60 ಸಿಕ್ಕರೆ 2 ಗಂಟೆ 13 ನಿಮಿಷ. ಮದುವೆ ವಿಡಿಯೋ ಒಂದೇ ಫೈಲ್ ಅಲ್ಲವಲ್ಲ, ಕ್ಯಾಮೆರಾ ಹತ್ತಾರು ಕ್ಲಿಪ್ ಮಾಡಿಟ್ಟಿರುತ್ತದೆ. ಆರ್‌ಕ್ಲೋನ್‌ನಂಥ ತಂತ್ರಾಂಶದಲ್ಲಿ ಒಮ್ಮೆಗೆ 8 ಫೈಲ್ ಎಂದು ಇಟ್ಟರೆ ಸಾಮಾನ್ಯ ಎರಡು ವ್ಯಾನ್ ರೂಟರ್‌ನಲ್ಲೇ ಎರಡೂ ಲೈನ್ ತುಂಬುತ್ತವೆ. ಅಪ್‌ಲೋಡ್ ಮಾಡುವ ಆ ಒಂದು ಕಂಪ್ಯೂಟರ್‌ಗೆ ಲೈನ್ ಕಟ್ಟಿಹಾಕುವ ನಿಯಮ ಇರಬಾರದು, ಅಷ್ಟೇ. ಜೊತೆಗೆ, ಅಪ್‌ಲೋಡನ್ನು ಪೂರ್ತಿ ತುಂಬಲು ಬಿಡಬೇಡಿ. ತುಂಬಿದರೆ ಸ್ಟುಡಿಯೋದಲ್ಲಿ ಉಳಿದವರಿಗೆ ವಾಟ್ಸ್ಆ್ಯಪ್ ಕರೆಯೂ ತೊದಲುತ್ತದೆ. ಅಳೆದ ವೇಗದ ಶೇ 85–90ಕ್ಕೆ ಮಿತಿ ಹಾಕಿ. ಓಪನ್‌ಡಬ್ಲ್ಯುಆರ್‌ಟಿಯಲ್ಲಾದರೆ ಈ ಮಿತಿ ಹಾಕುವ ಪ್ಯಾಕೇಜ್ ಎಸ್‌ಕ್ಯೂಎಂ, ಅದರಲ್ಲಿ ಕೇಕ್ ಎಂಬ ಆಯ್ಕೆ.

ಲೈವ್ ಮಾತ್ರ ಬೇರೆ. ಅದು ಒಂದೇ ಒಂದು ಸಂಪರ್ಕ, ಗಂಟೆಗಟ್ಟಲೆ ಕಡಿಯದೆ ಓಡಬೇಕು. ಇಲ್ಲಿಯೇ ಬಾಂಡಿಂಗ್ (ಒಂದೇ ಸಂಪರ್ಕವನ್ನು ಎರಡೂ ಲೈನಿಗೆ ಒಡೆದು ಅತ್ತ ಮತ್ತೆ ಜೋಡಿಸುವುದು) ತನ್ನ ಕಾಸು ದುಡಿಯುವುದು. ಇದು ಹೊಸ ಕಲ್ಪನೆಯೇನಲ್ಲ. ಡಯಲ್‌ಅಪ್ ಕಾಲದ ಮಲ್ಟಿಲಿಂಕ್ ಪಿಪಿಪಿ 1996ರಲ್ಲೇ ಆರ್‌ಎಫ್‌ಸಿ 1990 (ಇದು ಇಸವಿಯಲ್ಲ, ಇಂಟರ್‌ನೆಟ್ ಮಾನದಂಡದ ಕ್ರಮಸಂಖ್ಯೆ) ಆಗಿ ಬಂದಿತ್ತು. ಆಗ ಗುಮಾಸ್ತನ ಕೆಲಸ ಇಂಟರ್‌ನೆಟ್ ಕಂಪನಿಯವರೇ ಮಾಡುತ್ತಿದ್ದರು, ಎರಡು ಲೈನೂ ಅವರದೇ ಆಗಿರಬೇಕಿತ್ತು. ಬೇರೆ ಬೇರೆ ಕಂಪನಿಯ ಲೈನ್ ಕೂಡಿಸಲು ದಾರಿ ಮಾಡಿದ್ದು ಮಲ್ಟಿಪಾತ್ ಟಿಸಿಪಿ. 2013ರಲ್ಲಿ ಆ್ಯಪಲ್ ತನ್ನ ಧ್ವನಿ ಸಹಾಯಕಿ ‘ಸಿರಿ’ಗೆ ಅದನ್ನು ಬಳಸಿತು. 2020ರಲ್ಲಿ ಲಿನಕ್ಸ್ 5.6ರ ಮೂಲಕ್ಕೇ ಸೇರಿತು. ಓಪನ್‌ಎಂಪಿಟಿಸಿಪಿರೂಟರ್ ಇದನ್ನೇ ಓಪನ್‌ಡಬ್ಲ್ಯುಆರ್‌ಟಿಯ ಮೇಲೆ ಕಟ್ಟಿ ಕೊಡುತ್ತದೆ.

ಬೇಕಾಗುವುದು ಎರಡು ತುದಿ. ಇತ್ತ ಒಂದು ಹಳೆಯ ಇಂಟೆಲ್ ಮಿನಿ ಪಿಸಿ, 2 ಜಿಬಿ ರ್‍ಯಾಮ್ ಸಾಕು. ಪ್ರೊಸೆಸರ್‌ನಲ್ಲಿ ಎಇಎಸ್ ಸೌಲಭ್ಯ ಇರಲಿ, ಇಲ್ಲದಿದ್ದರೆ ಗೂಢಲಿಪಿ ಮಾಡುವುದರಲ್ಲೇ ವೇಗ ಸೋರಿಹೋಗುತ್ತದೆ. ಅತ್ತ ಬಾಡಿಗೆಯ ವಿಪಿಎಸ್ (ಡೇಟಾ ಸೆಂಟರ್‌ನ ಸರ್ವರ್‌ನಲ್ಲಿ ಒಂದು ಪಾಲು) ಒಂದು, ಡೆಬಿಯನ್ ಎಂಬ ಲಿನಕ್ಸ್ ಹಾಕಿದ್ದು. ಅದು ಮುಂಬೈ ಅಥವಾ ಬೆಂಗಳೂರಿನಲ್ಲಿರಲಿ. ಅಗ್ಗ ಎಂದು ಯೂರೋಪಿನದು ಹಿಡಿದರೆ ರಾಯಚೂರಿನಿಂದ ರಾಯಚೂರಿಗೆ ಹೋಗುವ ಮಾತೂ ಸಮುದ್ರ ದಾಟಿ ಬರಬೇಕಾಗುತ್ತದೆ. ಬಾಡಿಗೆ ಹಿಡಿಯುವ ಮುಂಚೆ ತಿಂಗಳಿಗೆ ಎಷ್ಟು ಡೇಟಾ ಬಿಡುತ್ತಾರೆ ಕೇಳಿ: ನೀವು ಕಳಿಸಿದ ಪ್ರತಿ ಜಿಬಿ ಅದರೊಳಗೆ ಬಂದು ಮತ್ತೆ ಹೊರಗೆ ಹೋಗುತ್ತದೆ.

ಕ್ರಮ ಹೀಗೆ. ಮೊದಲು ವಿಪಿಎಸ್‌ನಲ್ಲಿ ಓಪನ್‌ಎಂಪಿಟಿಸಿಪಿರೂಟರ್‌ನವರ ಸ್ಕ್ರಿಪ್ಟ್ ಓಡಿಸಿ. ಮುಗಿದ ಮೇಲೆ ಉದ್ದನೆಯ ಒಂದು ಕೀಲಿ ಕೊಡುತ್ತದೆ, ಕಾಪಿ ಮಾಡಿಟ್ಟುಕೊಳ್ಳಿ. ಮಿನಿ ಪಿಸಿಯ ಪುಟ 192.168.100.1ರಲ್ಲಿ ತೆರೆಯುತ್ತದೆ. ವಿಝಾರ್ಡ್‌ನಲ್ಲಿ ವಿಪಿಎಸ್‌ನ ಐಪಿ, ಆ ಕೀಲಿ, ಪ್ರತಿ ವ್ಯಾನ್‌ನ ವಿಳಾಸ ತುಂಬಿ. ಒಂದು ಲೈನನ್ನು ‘ಮಾಸ್ಟರ್’ ಮಾಡಬೇಕು: ಹೆಚ್ಚು ವೇಗದ್ದನ್ನಲ್ಲ, ಕಡಿಮೆ ಕಡಿಯುವುದನ್ನು. ಉಳಿದದ್ದು ‘ಆನ್’. ಸ್ಟೇಟಸ್ ಪುಟದಲ್ಲಿ ಪ್ರತಿ ಲೈನಿನ ಕೆಳಗೆ ಮಲ್ಟಿಪಾತ್ ದಾಟುತ್ತಿದೆಯೇ ಎಂದು ತೋರಿಸುತ್ತದೆ. ಕೆಲವು ಮೊಬೈಲ್ ಜಾಲಗಳಲ್ಲಿ ಅದರ ಗುರುತು ದಾರಿಯಲ್ಲೇ ಅಳಿದುಹೋಗುತ್ತದೆ.

ಕೈಕೊಡುವುದು ಎಲ್ಲಿ? ಫೈಬರ್‌ನಲ್ಲಿ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 12 ಮಿಲಿಸೆಕೆಂಡು, 4ಜಿಯಲ್ಲಿ 90 ಇದ್ದರೆ, ವೇಗವಾಗಿ ಬಂದ ಪ್ಯಾಕೆಟ್‌ಗಳು ನಿಧಾನದವಕ್ಕೆ ಕಾಯುತ್ತ ಸಾಲುಗಟ್ಟುತ್ತವೆ. 100ರ ಲೈನಿಗೆ 8ರ ಲೈನ್ ಸೇರಿಸಿದರೆ 108 ಆಗುವ ಬದಲು 85 ಆದರೂ ಅಚ್ಚರಿಯಿಲ್ಲ. ನಮ್ಮ ಮಟ್ಟಿಗೆ, ದೊಡ್ಡದರ ಐದನೇ ಒಂದು ಭಾಗಕ್ಕಿಂತ ಸಣ್ಣ ಲೈನನ್ನು ಕೂಡಿಸಲೇಬಾರದು. ತುರ್ತಿಗೆ ಎಂದು ಪಕ್ಕಕ್ಕಿಡಿ. ಇನ್ನೊಂದು ಕಿರಿಕಿರಿ: ನಿಮ್ಮ ಐಪಿ ಈಗ ಡೇಟಾ ಸೆಂಟರ್‌ನದು. ಕೆಲವು ಒಟಿಟಿಗಳು ಸಿನಿಮಾ ತೋರಿಸಲು ಒಪ್ಪುವುದಿಲ್ಲ, ಕೆಲವು ಬ್ಯಾಂಕ್ ಪುಟಗಳೂ ಅನುಮಾನಿಸುತ್ತವೆ. ಅವನ್ನು ನೇರ ಲೈನಿಗೆ ಬಿಡುವ ಪಟ್ಟಿ ಅದರಲ್ಲೇ ಇದೆ.

ಮಂಟಪಕ್ಕೆ ಇಷ್ಟೆಲ್ಲ ಹೊತ್ತೊಯ್ಯುವುದು ಬೇಡ ಎನಿಸಿದರೆ ಲ್ಯಾಪ್‌ಟಾಪ್‌ನಲ್ಲಿ ಸ್ಪೀಡಿಫೈ ಹಾಕಿ, ಎರಡು ಬೇರೆ ಕಂಪನಿಯ ಸಿಮ್ ಜೋಡಿಸಿ, ‘ರಿಡಂಡೆಂಟ್’ ಮೋಡ್ ಇಡಿ. ಪ್ರತಿ ಪ್ಯಾಕೆಟ್ ಎರಡೂ ದಾರಿಯಲ್ಲಿ ಹೋಗುತ್ತದೆ, ಯಾವುದು ಮೊದಲು ತಲುಪಿತೋ ಅದೇ ಸೈ. ವೇಗ ಹೆಚ್ಚುವುದಿಲ್ಲ, ಲೈವ್ ನಿಲ್ಲುವುದಿಲ್ಲ. 6 ಎಂಬಿಪಿಎಸ್‌ನಲ್ಲಿ ಲೈವ್ ಇಟ್ಟರೆ ಗಂಟೆಗೆ 2.7 ಜಿಬಿ, 5 ಗಂಟೆಯ ಮದುವೆಗೆ ಪ್ರತಿ ಸಿಮ್‌ನಿಂದ 13.5 ಜಿಬಿ. ಬೆಳಿಗ್ಗೆಯೇ ಡೇಟಾ ಪ್ಯಾಕ್ ನೋಡಿಕೊಳ್ಳಿ. ಇಲ್ಲದಿದ್ದರೆ ಸರಿಯಾಗಿ ಅಕ್ಷತೆ ಹೊತ್ತಿಗೇ ಮುಗಿಯುತ್ತದೆ.

ಪ್ರಶ್ನೆ: 300 ಎಂಬಿಪಿಎಸ್ ಪ್ಲಾನ್ ಇದೆ, 94ರ ಮೇಲೆ ಯಾವತ್ತೂ ಬಂದಿಲ್ಲ. ಇನ್ನೊಂದು ಲೈನ್ ಹಾಕಿಸಬೇಕೆಂದಿದ್ದೇವೆ.
– ಶಕ್ತಿನಗರ

ಉತ್ತರ: ಹಾಕಿಸಬೇಡಿ. ಸದಾ 94ಕ್ಕೆ ನಿಂತರೆ ಎಲ್ಲೋ ಒಂದು ಕಡೆ 100ರ ಪೋರ್ಟ್ ಅಥವಾ ಕೆಟ್ಟ ಕೇಬಲ್ ಇದೆ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ, ಎಂಟೂ ಎಳೆ ಬೇಕು. ಒಂದು ಎಳೆ ಕಡಿದರೂ 100ಕ್ಕೆ ಇಳಿಯುತ್ತದೆ, ಕಂಪನಿಯ ಡಬ್ಬಿಯಲ್ಲಿ ದೀಪ ಮಾತ್ರ ಚೆನ್ನಾಗೇ ಮಿನುಗುತ್ತಿರುತ್ತದೆ. ಕ್ಯಾಟ್6 ಕೇಬಲ್ ಒಂದು ತಂದು ಬದಲಿಸಿ, ಆಮೇಲೂ 94 ಇದ್ದರೆ ರೂಟರ್‌ನ ಪೋರ್ಟ್ ನೋಡಿ.

ಪ್ರಶ್ನೆ: ಹೊಲದ ಮನೆಯಾಗ ಫೈಬರ್ ಬರಂಗಿಲ್ಲ. 4ಜಿ ರೂಟರ್ ಎರಡು ತಂದು, ಒಂದೇ ಕಂಪನಿಯ ಎರಡು ಸಿಮ್ ಹಾಕಿ ಕೂಡಿಸಿದ್ರ ವೇಗ ಎರಡ್ಪಟ್ಟು ಆಗ್ತೈತೇನ್ರಿ?
– ಕುಷ್ಟಗಿ ತಾಲ್ಲೂಕು

ಉತ್ತರ: ಎರಡೂ ಸಿಮ್ ಅದೇ ಟವರಿನ ಅದೇ ಮುಖಕ್ಕೆ ಹೋಗಿ ನಿಲ್ಲುತ್ತವೆ. ಅಲ್ಲಿರುವ ಒಂದು ರೊಟ್ಟಿಯಲ್ಲಿ ನಿಮಗೆ ಎರಡು ತುಣುಕು ಸಿಗಬಹುದು, ರೊಟ್ಟಿ ದೊಡ್ಡದಾಗುವುದಿಲ್ಲ. ಕೂಡಿಸುವುದಾದರೆ ಬೇರೆ ಕಂಪನಿಯದು ತೆಗೆದುಕೊಳ್ಳಿ.

ದುಡ್ಡು ಹಾಕುವ ಮುಂಚೆ ಬೆಳಗಿನ 5ಕ್ಕೆ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ವೇಗ ಅಳೆಯಿರಿ. ಬೆಳಿಗ್ಗೆ 40, ರಾತ್ರಿ 4 ಬಂದರೆ ಟವರಿನಲ್ಲಿ ಜನಜಂಗುಳಿ. ಆಂಟೆನಾ ಹಾಕಿದರೂ ಹೆಚ್ಚು ಉಪಯೋಗವಿಲ್ಲ, ಕಂಪನಿ ಬದಲಿಸಿ. ಎರಡೂ ಹೊತ್ತು 4 ಬಂದರೆ ಸಿಗ್ನಲ್ಲೇ ದುರ್ಬಲ. ರೂಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ (ಟವರಿನ ಸಿಗ್ನಲ್ ಬಲ) ನೋಡಿ: ಮೈನಸ್ 80 ಚೆನ್ನ, ಮೈನಸ್ 100 ಹೇಗೋ ನಡೆಯುತ್ತದೆ, ಮೈನಸ್ 110 ದಾಟಿದರೆ ಕಷ್ಟ. ಆಗ ಎರಡು ಪಿಗ್‌ಟೇಲ್ (ಹೊರಬಂದ ತುಂಡು ವೈರ್) ಇರುವ, ಒಂದೇ ದಿಕ್ಕಿಗೆ ತಿರುಗಿಸಿಡುವ ಮೈಮೋ (ಒಂದರಲ್ಲೇ ಎರಡು ಆಂಟೆನಾ ಇರುವ) ಆಂಟೆನಾ ಮಾಳಿಗೆ ಮೇಲೆ ಹಾಕಿಸಿ, ಎರಡೂ ವೈರ್ ರೂಟರ್‌ಗೆ ಹಚ್ಚಿ. ವೈರ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ. ತೆಳು ಆರ್‌ಜಿ58 ವೈರ್‌ನಲ್ಲಿ 4ಜಿಯ ಮೇಲಿನ ಬ್ಯಾಂಡಿಗೆ ಮೀಟರಿಗೆ ಸುಮಾರು 1 ಡಿಬಿ ಹೋಗುತ್ತದೆ; 10 ಮೀಟರ್ ಎಳೆದರೆ ಆಂಟೆನಾ ತಂದುಕೊಟ್ಟ ಲಾಭವೆಲ್ಲ ವೈರ್‌ನಲ್ಲೇ ಮಾಯ. 3 ಮೀಟರ್ ಒಳಗೆ ಮುಗಿಸಿ ರೂಟರನ್ನು ಅಲ್ಲೇ ಇಟ್ಟು, ಅಲ್ಲಿಂದ ಮನೆಯೊಳಕ್ಕೆ ಲ್ಯಾನ್ ಕೇಬಲ್ ಎಳೆಯಿರಿ.

ಪ್ರಶ್ನೆ: ಆನ್‌ಲೈನ್ ಸೆಂಟರ್ ನಡೆಸುತ್ತೇವೆ. ಎರಡು ಕಂಪನಿಯ ಫೈಬರ್ ಇದ್ದರೂ ಗಾಳಿ-ಮಳೆ ಬಂದರೆ ಎರಡೂ ಒಟ್ಟಿಗೇ ಹೋಗುತ್ತವೆ. ಒಂದೇ ಹೋದಾಗಲೂ ಇನ್ನೊಂದಕ್ಕೆ ಬದಲಾಗಲು ನಿಮಿಷಗಟ್ಟಲೆ ಬೇಕು.
– ಸಿರುಗುಪ್ಪ

ಉತ್ತರ: ಹೊರಗೆ ಬಂದು ಕಂಬ ನೋಡಿ. ಎರಡೂ ಕಂಪನಿಯ ವೈರ್ ಅದೇ ವಿದ್ಯುತ್ ಕಂಬಗಳ ಮೇಲೆ, ಒಂದರ ಮೇಲೊಂದು ಸುತ್ತಿಕೊಂಡು ಬಂದಿರುತ್ತವೆ. ಕೊಂಬೆ ಬಿದ್ದರೆ ಎರಡಕ್ಕೂ ಬಿತ್ತು. ಎರಡನೆಯದು ಗಾಳಿಯಲ್ಲಿ ಬರುವ 5ಜಿ ಅಥವಾ 4ಜಿ ಆಗಿರಲಿ, ವೇಗ ಕಡಿಮೆಯಾದರೂ ಪರವಾಗಿಲ್ಲ.

ತಡವಾಗುವುದಕ್ಕೆ ಕಾರಣ, ಫೈಬರ್ ಹೊರಗೆ ಕಡಿದರೂ ನಿಮ್ಮ ಅಂಗಡಿಯ ಡಬ್ಬಿಗೂ ರೂಟರ್‌ಗೂ ನಡುವಿನ ಕೇಬಲ್ ಜೀವಂತವಾಗಿಯೇ ಇರುತ್ತದೆ. ರೂಟರ್ ಆ ದೀಪ ನೋಡಿ ಎಲ್ಲ ಸರಿ ಎಂದುಕೊಳ್ಳುತ್ತದೆ. ‘ಆನ್‌ಲೈನ್ ಡಿಟೆಕ್ಷನ್’ನಲ್ಲಿ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಲು ಹೇಳಿ: 1.1.1.1 ಮತ್ತು 8.8.8.8, ಎರಡೂ ಇರಲಿ. 10 ಸೆಕೆಂಡಿಗೊಮ್ಮೆ ಪಿಂಗ್, 5 ಸಲ ಸೋತರೆ ಸತ್ತಂತೆ ಎಂದಿದ್ದರೆ 50 ಸೆಕೆಂಡು ಕಾಯುತ್ತೀರಿ. 3 ಸೆಕೆಂಡಿಗೊಮ್ಮೆ, 3 ಸಲ ಎಂದು ಮಾಡಿದರೆ ಹತ್ತರೊಳಗೆ ಮುಗಿಯುತ್ತದೆ. ಮರಳಿ ಬರುವುದಕ್ಕೆ ಮಾತ್ರ 8–10 ಸಲ ಗೆಲ್ಲಬೇಕೆಂದು ಇಡಿ, ಇಲ್ಲದಿದ್ದರೆ ಉಸಿರಾಡುತ್ತ ಸಾಯುವ ಲೈನು ಗಂಟೆಗೆ ಹತ್ತು ಸಲ ಅತ್ತಿತ್ತ ಎಳೆದಾಡುತ್ತದೆ. ಬದಲಾದ ಕ್ಷಣ ನಡೆಯುತ್ತಿದ್ದ ವಿಡಿಯೋ ಕರೆ ಒಮ್ಮೆ ಕಡಿಯುವುದು ಖಚಿತ, ಐಪಿ ಬದಲಾಯಿತಲ್ಲ.

ಕರೆಂಟಿನ ಲೆಕ್ಕ ಬೇರೆ. ಫೈಬರ್ ಡಬ್ಬಿ, ರೂಟರ್ ಎರಡೂ ಸೇರಿ 12–15 ವ್ಯಾಟ್ ತಿನ್ನುತ್ತವೆ. 10,400 ಎಂಎಎಚ್ ಎಂದು ಮಾರುವ ಮಿನಿ ಯುಪಿಎಸ್‌ನ ಲೆಕ್ಕ 3.7 ವೋಲ್ಟ್‌ನದು: ಒಟ್ಟು 38 ವ್ಯಾಟ್-ಗಂಟೆ, ಕೈಗೆ ಸಿಗುವುದು 32ರಷ್ಟು. 12 ವ್ಯಾಟ್‌ಗೆ ಎರಡೂವರೆ ಗಂಟೆ. 5ಜಿ ಡಬ್ಬಿಗೂ ಬೇರೆ ಯುಪಿಎಸ್ ಬೇಕು, ಇಲ್ಲವಾದರೆ ಅದು ಕೆಲಸಕ್ಕೆ ಬೇಕಾದ ಹೊತ್ತಲ್ಲೇ ಮಲಗಿರುತ್ತದೆ. ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯೋ 12 ಇದೆಯೋ ಓದಿಕೊಂಡೇ ಚುಚ್ಚಿ. ಇನ್ನು, ಇಂಥ ರೂಟರ್‌ಗಳನ್ನು 40 ಡಿಗ್ರಿ ತನಕದ ಬಿಸಿಗೆಂದು ಮಾಡಿರುತ್ತಾರೆ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ತಗಡಿನ ಚಾವಣಿಯ ಕೆಳಗೆ, ಮುಚ್ಚಿದ ಕಪಾಟಿನೊಳಗೆ ಅದು ಮಧ್ಯಾಹ್ನವೇ ದಾಟುತ್ತದೆ. ಮಧ್ಯಾಹ್ನ 2ರಿಂದ 5ರವರೆಗೆ ಮಾತ್ರ ಕಡಿಯುವ ಲೈನ್ ಇದ್ದರೆ ಕಂಪನಿಗೆ ಫೋನ್ ಮಾಡುವ ಮುಂಚೆ ಕಪಾಟಿನ ಬಾಗಿಲು ತೆಗೆದಿಡಿ.

ಪ್ರಶ್ನೆ: ಮೈಕ್ರೋಟಿಕ್ ಎಚ್‌ಇಎಕ್ಸ್‌ನಲ್ಲಿ ಪಿಸಿಸಿ (ಸಂಪರ್ಕಗಳನ್ನು ಲೈನುಗಳಿಗೆ ಹಂಚುವ ನಿಯಮ) ಬರೆದಿದ್ದೇನೆ. ಅರ್ಧ ಪುಟಗಳು ತೆರೆಯುತ್ತವೆ, ಅರ್ಧ ನೇತಾಡುತ್ತವೆ.
– ಸಂಡೂರು

ಉತ್ತರ: ಫೈರ್‌ವಾಲ್ ಫಿಲ್ಟರ್‌ನಲ್ಲಿ ಕಾರ್ಖಾನೆಯಿಂದಲೇ ಬಂದಿರುವ ‘ಫಾಸ್ಟ್‌ಟ್ರ್ಯಾಕ್’ ನಿಯಮವನ್ನು ನಿಲ್ಲಿಸಿ. ಫಾಸ್ಟ್‌ಟ್ರ್ಯಾಕ್ ಹಿಡಿದ ಪ್ಯಾಕೆಟ್‌ಗಳು ಮ್ಯಾಂಗಲ್ (ಯಾವ ಲೈನ್ ಎಂದು ಗುರುತು ಹಚ್ಚುವ) ಮೆಟ್ಟಿಲು ತುಳಿಯದೇ ಹೋಗುತ್ತವೆ. ಮೊದಲ ಪ್ಯಾಕೆಟ್ ಎರಡನೇ ಲೈನಿನಲ್ಲಿ, ಉಳಿದವು ಒಂದನೆಯದರಲ್ಲಿ. ಪೂರ್ತಿ ನಿಲ್ಲಿಸಿದರೆ ಪ್ರೊಸೆಸರ್‌ಗೆ ಭಾರ ಎನಿಸಿದರೆ, ಕನೆಕ್ಷನ್ ಮಾರ್ಕ್ ಇಲ್ಲದವಕ್ಕೆ ಮಾತ್ರ ಫಾಸ್ಟ್‌ಟ್ರ್ಯಾಕ್ ಎಂದು ತಿದ್ದಿ. ಮೈಕ್ರೋಟಿಕ್‌ನ ತಂತ್ರಾಂಶ ರೂಟರ್‌ಓಎಸ್ 7 ಇದ್ದರೆ ರೂಟಿಂಗ್ ಟೇಬಲ್‌ಗಳನ್ನು ಮೊದಲೇ ‘ಎಫ್‌ಐಬಿ’ ಟಿಕ್ ಹಾಕಿ ಹುಟ್ಟಿಸಿರಬೇಕು; 6ರ ಕಾಲದಂತೆ ಮಾರ್ಕ್ ಬರೆದರೆ ತಾನಾಗಿ ಹುಟ್ಟುವುದಿಲ್ಲ. ಪಿಸಿಸಿಯಲ್ಲಿ ವಿಳಾಸದ ಜೊತೆ ಪೋರ್ಟನ್ನೂ ಸೇರಿಸಿದ್ದರೆ ತೆಗೆದು ‘ಬೋತ್ ಅಡ್ರೆಸಸ್’ ಮಾಡಿ. ಇಲ್ಲದಿದ್ದರೆ ಬಳ್ಳಾರಿಯವರ ಬ್ಯಾಂಕಿನ ಪತ್ರವನ್ನು ಮುಂದಿನ ತಿಂಗಳು ನೀವೇ ಬರೆಯುತ್ತೀರಿ.